ಚಂಪವ್ವನ ಇನ್ನೊಂದು ರೆಕ್ಕೆ

“ಏ... ಆ ಫೋನ್ ಕೆಳಗ ಇಳಸ್ರಿ! ಈಗಿಂದೀಗ ಇಳಸ್ರಿ!”

ಸಿಂದಗಿ ಬಸ್ ನಿಲ್ದಾಣದ ಹೊರಗೆ ಶೈಲಶ್ರೀ ಕೂಗಿದ ಕೂಗಿಗೆ ಶೇಂಗಾ ಹುರಿಯುವವನ ಕೈ ಬಾಣಲೆಯಲ್ಲೇ ನಿಂತಿತು.

ಒಂದು ಗಳಿಗೆಯ ಹಿಂದೆ ಅವಳ ಸಿಟ್ಟೆಲ್ಲ ಕನ್ನೊಳ್ಳಿಗೆ ಹೊರಟಿದ್ದ ಟಂಟಂ ಚಾಲಕನ ಮೇಲಿತ್ತು. ಜೋಳದ ಚೀಲ ಹೊತ್ತಿದ್ದ ಮುದುಕಿಯೊಬ್ಬಳನ್ನು ಆತ ಹತ್ತಿಸಿಕೊಳ್ಳಲು ಒಪ್ಪಿರಲಿಲ್ಲ.

“ನಿನ್ನ ಸ್ಪೀಕರ್ ಡಬ್ಬಿಗಿ ಇಬ್ಬರು ಕುಂದ್ರೂವಷ್ಟು ಜಾಗಾ ಐತಿ, ಮುದುಕಿಗಿ ಇಲ್ಲೇನು? ಆಯಿ, ನೀನರ ಎಂಥಾಕಿ ಬೇ! ಈ ವಯಸ್ಸಿನ್ಯಾಗ ಇಷ್ಟು ವಜ್ಜಾ ಹೊರತಾರೇನು? ಸೊಂಟ ಮುರಿದ್ರ ನೋಡಾವ್ರು ಯಾರು? ಕೊಡ ಇಲ್ಲೆ!” ಎಂದು ಇಬ್ಬರಿಗೂ ಒಂದೇ ಉಸಿರಿನಲ್ಲಿ ಬೈದು, ಚೀಲವನ್ನು ತಾನೇ ಎತ್ತಿ ಒಳಗೆ ತಳ್ಳಿದ್ದಳು.

ತಿರುಗಿ ನೋಡಿದರೆ... ಯಾರೋ ಒಬ್ಬ ಗಂಡಸು! ಕೆದರಿದ ಕೂದಲು, ಹೆಗಲಿಗೊಂದು ಮಾಸಿದ ಚೀಲ. ಫೋನನ್ನು ಅವಳ ಕಡೆಗೇ ಹಿಡಿದು ನಿಂತಿದ್ದಾನೆ!

“ಏನ್ ಮಾಡಾಕತ್ತೀರಿ?”

“ನಿಮ್ಮ ಸಿಟ್ಟು ರೆಕಾರ್ಡ್ ಮಾಡಾಕತ್ತೇನ್ರಿ.”

“ಏನಂದ್ರಿ?”

“ತಪ್ಪು ತಿಳೀಬ್ಯಾಡ್ರಿ. ಫೋಟೋ ಅಲ್ಲ, ಬರೇ ದನಿ. ನಮ್ಮ ಕೋಳಿಗಿ ಬೇಕಾಗಿತ್ರಿ.”

ಮೂವತ್ತಾರು ವರ್ಷದ ಬದುಕಿನಲ್ಲಿ ಶೈಲಶ್ರೀಯ ಬಾಯಿಗೆ ಜನ ಏನೇನೋ ಹೆಸರಿಟ್ಟಿದ್ದರು. ಕೋಳಿಗೆ ಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ! ಅವಳು ಫೋನ್ ಕಿತ್ತುಕೊಂಡು ದನಿಯನ್ನು ಅಳಿಸಿ, ಅವನ ಕೈಗೆ ಕುಕ್ಕಿದಳು.

“ಅಳಿಸಿದ್ದಕ್ಕ ಚಿಂತಿಲ್ರಿ,” ಎಂದ ಆತ, ಚೂರೂ ಬೇಸರವಿಲ್ಲದೆ. “ಆದ್ರ ಒಮ್ಮೆ ಬಂದು ಮತ್ತ ಬೈದು ಹೋಗ್ರಿ. ನಾ ಕಲ್ಮೇಶ, ಇಂಗಳೇಶ್ವರದಾಂವ. ಮಕ್ಕಳಿಗಂತ ಕಾರ್ಟೂನ್ ಮಾಡ್ತೇನಿ. ಸಿಂದಗ್ಯಾಗ, ಹಿಟ್ಟಿನ ಗಿರಣಿ ಮ್ಯಾಲ ನಮ್ಮ ಸ್ಟುಡಿಯೋ.”

‘ಹುಚ್ಚ... ಖರೇನೇ ಹುಚ್ಚ!’ ಎಂದುಕೊಳ್ಳುತ್ತ ಅವಳು ಟಂಟಂ ಹತ್ತಿದಳು. ಆದರೆ ತಾನು ಪಾಠ ಹೇಳುವ ಕನ್ನೊಳ್ಳಿಯ ಶಾಲೆ ತಲುಪುವವರೆಗೂ ಅವಳ ತುಟಿಯ ಮೂಲೆಯಲ್ಲಿ ನಗುವೊಂದು ಸುಮ್ಮನೆ ಕುಳಿತಿತ್ತು. ಅದು ಅರಿವಾಗಿ ಅವಳಿಗೇ ಸಿಟ್ಟು ಬಂತು.

* * *

ಹೋಗಬಾರದು ಎಂದುಕೊಂಡೇ ಅವಳು ಹೋದಳು.

ಗಿರಣಿಯ ಮೇಲಿನ ಎರಡು ಕೋಣೆ. ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೆಯ ಕೌದಿಗಳನ್ನು ಹೊಡೆದಿದ್ದರು. ಕಂಪ್ಯೂಟರಿನ ಮುಂದೆ ಕುಳಿತಿದ್ದವಳು ಹುಮಾ, ಇಂಡಿ ಊರಿನ ಹೆಣ್ಣುಮಗಳು, ಎರಡು ಮಕ್ಕಳ ತಾಯಿ. ದನಿಯ ಕೆಲಸವೆಲ್ಲ ಅವಳದ್ದು. ಕಲ್ಮೇಶನ ಜೊತೆ ಅರ್ಧ ಪಾಲುದಾರಳು.

“ಬರ್ರಿ ಟೀಚರ್. ಕುಂದ್ರಿ. ಕರೆಂಟ್ ಹೋಗೂತನಕ ಚಾ ಕುಡೀರಿ.”

“ಕರೆಂಟ್ ಹೋಗೂತನಕಾ?”

“ಕರೆಂಟ್ ಇದ್ರ ಕೆಳಗ ಗಿರಣಿ ಓಡ್ತೈತ್ರಿ. ಗಿರಣಿ ಓಡಿದ್ರ ಕೋಳಿ ದನಿ ಕೇಳೂದಿಲ್ಲ. ನಮ್ಮ ರೆಕಾರ್ಡಿಂಗ್ ಎಲ್ಲಾ ಬ್ಯಾಟರಿ ಮ್ಯಾಲ. ಇಡೀ ಸಿಂದಗ್ಯಾಗ ಕರೆಂಟ್ ಹೋಗ್ಲಿ ಅಂತ ದೇವರಿಗಿ ಬೇಡ್ಕೊಳ್ಳಾವ್ರು ನಾವಿಬ್ಬರೇ ನೋಡ್ರಿ!”

ಕಾರ್ಟೂನಿನ ಹೆಸರು ‘ತಿಪ್ಪಿಮ್ಯಾಗಿನ ಗೆಳ್ಯಾರು’. ತಿಪ್ಪೆ ಕೆದರುವ ಚಂಪವ್ವ ಎಂಬ ಕೋಳಿ, ಅವಳ ಗೆಳೆಯ ಬೋಳ್ಯಾ ಎಂಬ ಎಮ್ಮೆಕರು. ಕರುವಿನ ದನಿ ಹುಮಾಳದು. ಕೋಳಿಯ ದನಿಗಾಗಿ ಎಷ್ಟೋ ಜನ ಬಂದು ಹೋಗಿದ್ದರು. ಎಲ್ಲರೂ ಸಕ್ಕರೆಯಂತೆ ಮಾತಾಡಿದ್ದರು.

ಕೆಳಗೆ ಗಿರಣಿ ಗಕ್ಕನೆ ನಿಂತಿತು.

“ಹೋತು! ಕರೆಂಟ್ ಹೋತು! ಏಳ್ರಿ, ಏಳ್ರಿ!” ಕಲ್ಮೇಶ ಚಹಾದ ಕಪ್ಪನ್ನು ಎಲ್ಲೋ ಇಟ್ಟು ಓಡಿದ.

ಶೈಲಶ್ರೀ ಹಾಳೆ ನೋಡಿದಳು. ಬೋಳ್ಯಾನ ತಾಯಿಯನ್ನು ಸಂತೆಗೆ ಹೊಡೆದುಕೊಂಡು ಹೋಗಿದ್ದಾರೆ. ಕರು ಕತ್ತಲಲ್ಲಿ ಅಳುತ್ತಿದೆ. ಕೋಳಿ ಹೇಳಬೇಕಾದ ಮಾತು: ‘ಅಳಬೇಡ ಗೆಳೆಯಾ, ನನ್ನ ಪ್ರೀತಿ ಸದಾ ನಿನ್ನೊಂದಿಗಿದೆ.’

“ಇದನ್ನ ಬರದಾವ್ರು ಯಾರು?”

“ನಾನ್ರಿ.”

“ಯಾವ ಕೋಳಿ ಹಿಂಗ ಮಾತಾಡ್ತೈತ್ರಿ? ಯಾವ ಮನಿಶಾರರ ಮಾತಾಡ್ತಾರ? ಕರಾ ಅಳಾಕತ್ತೈತಿ, ನೀವು ಭಾಷಣ ಮಾಡಾಕತ್ತೀರಿ!”

“ಮತ್ತ ಕೋಳಿ ಏನಂತೈತ್ರಿ?”

ಹಾಳೆಯನ್ನು ಬದಿಗಿಟ್ಟು, ಮೈಕಿನ ಮುಂದೆ ನಿಂತು, ಅವಳು ಕತ್ತಲೆಯನ್ನೇ ಬೈದಳು. “ಏ ಕತ್ತಲಿ! ನಾಚಿಕಿ ಬರೂದಿಲ್ಲ ನಿನಗ? ಸಣ್ಣ ಕೂಸು ಒಂಟಿ ಐತಿ ಅಂತ ತಿಳಕೊಂಡಿ? ಒಂಟಿ ಇಲ್ಲ! ನಾ ಇದ್ದೇನಿ! ಲೇ ಬೋಳ್ಯಾ, ಸರಿ ಆಕಡೆ, ನಿನ್ನ ತಲೀಮ್ಯಾಲ ಕುಂದ್ರತೇನಿ. ಮೂಗು ಒರಸ್ಕೊ ಮೊದಲ!”

ಹುಮಾ ಕಣ್ಣೊರೆಸಿಕೊಂಡಳು. ಕಲ್ಮೇಶ ಮಾತ್ರ ಶೈಲಶ್ರೀಯನ್ನೇ ನೋಡುತ್ತಿದ್ದ... ಎಲ್ಲಿಯೋ ಕಳೆದುಹೋದ ವಸ್ತು ಸಿಕ್ಕವನಂತೆ.

ಹಾಗೆ ಅವಳನ್ನು ಯಾರಾದರೂ ನೋಡಿ ಎಷ್ಟೋ ಕಾಲವಾಗಿತ್ತು.

“ಏನ್ ನೋಡ್ತೀರಿ? ರೆಕಾರ್ಡ್ ಆತೋ ಇಲ್ಲೋ?”

“ಅಯ್ಯೋ... ಒತ್ತೂದು ಮರತೇನ್ರಿ!”

“ದೇವರೇ!”

* * *

ಹೀಗೇ ತಿಂಗಳುಗಳು ಉರುಳಿದವು. ಶಾಲೆ ಬಿಟ್ಟ ಮೇಲೆ ಸ್ಟುಡಿಯೋ. ದಿನಾ ಒಂದು ಜಗಳ. ಕಪ್ಪೆಗೆ ಚಂಪವ್ವ ಹೊಲಿಗೆ ಕಲಿಸಬೇಕೋ ಬೇಡವೋ, ಕರು ಸುಳ್ಳು ಹೇಳಿದರೆ ಕೋಳಿ ಮಾತು ಬಿಡಬೇಕೋ ಅಥವಾ ಮಾತಾಡುತ್ತಲೇ ಸಿಟ್ಟಾಗಬೇಕೋ... ಎಲ್ಲದಕ್ಕೂ ಜಗಳ. ಕಲ್ಮೇಶನ ಊಟದ ವೇಳೆ ನೆಟ್ಟಗಿರಲಿಲ್ಲ. ಅವಳು ಬೈಯುತ್ತಲೇ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು. ಅವನು ಚಿತ್ರ ತೆಗೆಯುತ್ತಲೇ ತಿನ್ನುತ್ತಿದ್ದ, ಚಟ್ನಿಯ ಬೆರಳಿನಿಂದಲೇ ಕೀಲಿಮಣೆ ಒತ್ತುತ್ತಿದ್ದ. ಅದಕ್ಕೆ ಮತ್ತೊಂದು ಬೈಗುಳ.

ಮನೆಯಲ್ಲಿ ಅವಳ ಸೋದರತ್ತೆ ಕಸ್ತೂರೆವ್ವ ಎಲ್ಲ ಗಮನಿಸುತ್ತಿದ್ದಳು.

“ಯಾಕವಾ, ಇತ್ತಿತ್ತಲಾಗ ನನಗ ಬೈಯೂದು ಕಮ್ಮಿ ಆಗೇದಲ್ಲ? ಎಲ್ಲಾ ಅಲ್ಲೇ ಖರ್ಚು ಮಾಡಿ ಬರ್ತೀಯೇನು?”

“ಸುಮ್ನಿರ ಅತ್ತಿ!”

ಸುಮ್ಮನಿರಬೇಕಾದದ್ದು ಅತ್ತೆಯಲ್ಲ, ತನ್ನ ಮನಸ್ಸು ಎಂದು ಶೈಲಶ್ರೀಗೆ ಗೊತ್ತಿತ್ತು. ಮದುವೆ ಎಂಬುದನ್ನು ಅವಳು ಒಮ್ಮೆ ಕಂಡಿದ್ದಳು. ಮುದ್ದೇಬಿಹಾಳದ ಮನೆ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಆದರೆ ಮನೆಗೆ ಯಾರಾದರೂ ಬಂದರೆ ಸಾಕು, ಅವಳು ಸಿಟ್ಟಾದಾಗ ಹೇಗೆ ಕಣ್ಣು ತಿರುವುತ್ತಾಳೆ, ಹೇಗೆ ಹಣೆ ಒತ್ತಿಕೊಳ್ಳುತ್ತಾಳೆ ಎಂದು ನಕಲು ಮಾಡಿ ತೋರಿಸುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳು ಒಳಗೆ ಚಹಾ ಸೋಸುತ್ತಿದ್ದಳು. ಒಂದು ದಿನ ಸೋಸುವುದನ್ನು ಅರ್ಧಕ್ಕೇ ಬಿಟ್ಟು, ಸಿಂದಗಿಯ ಬಸ್ಸು ಹತ್ತಿ ಸೋದರತ್ತೆಯ ಮನೆಗೆ ಬಂದುಬಿಟ್ಟಳು. ಮುಂದೆ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು.

‘ಈ ಮನುಷ್ಯ ಹಾಗಲ್ಲ... ಇವನು ನನ್ನ ಸಿಟ್ಟಿಗೆ ನಗುವುದಿಲ್ಲ,’ ಎಂದು ಈಗ ಮೆಲ್ಲನೆ ನಂಬತೊಡಗಿದ್ದಳು.

ನಂಬಿಕೆ ಎಂಬುದು ಎಷ್ಟು ಬೇಗ ಒಡೆಯುತ್ತದೆ!

* * *

ದಸರಾ ರಜೆಗೆ ಮುಂಚೆ ಕನ್ನೊಳ್ಳಿ ಶಾಲೆಯಲ್ಲಿ ಮೊದಲ ಕಂತನ್ನು ತೋರಿಸುವುದೆಂದಾಯಿತು. ಆವರೆಗೆ ಶೈಲಶ್ರೀ ಬರೀ ಗೆರೆಯ ಚಿತ್ರಗಳನ್ನು ನೋಡಿದ್ದಳು. ಪೂರ್ತಿ ಬಣ್ಣದ್ದನ್ನು ನೋಡುವುದು ಅವತ್ತೇ ಮೊದಲು. ಎದೆಯಲ್ಲಿ ಮದುವಣಗಿತ್ತಿಯ ಹಾಗೆ ಅಂಜಿಕೆ...

ಪರದೆಯ ಮೇಲೆ ಚಂಪವ್ವ ಬಂದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಣ್ಣು ತಿರುವಿದಳು. ಕೆಳತುಟಿ ಮುಂದೆ ಮಾಡಿ ಉಸ್ಸೆಂದಳು. ರೆಕ್ಕೆಯಿಂದ ಹಣೆಯನ್ನು ಒತ್ತಿಕೊಂಡಳು.

“ಅಯ್ಯ! ಇಕಿ ನಮ್ಮ ಶೈಲಾ ಟೀಚರ್!” ಮೂರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೂಗಿದಳು.

ಇಡೀ ಕೋಣೆ ನಗುವಿನಿಂದ ತುಂಬಿಹೋಯಿತು. ಮುಖ್ಯೋಪಾಧ್ಯಾಯರೂ ಕನ್ನಡಕ ತೆಗೆದು ನಕ್ಕರು.

ಶೈಲಶ್ರೀಗೆ ಕೇಳಿಸಿದ್ದು ಆ ಮಕ್ಕಳ ನಗುವಲ್ಲ. ಮುದ್ದೇಬಿಹಾಳದ ಪಡಸಾಲೆಯ ನಗು. ಕಂತು ಮುಗಿಯುವ ಮೊದಲೇ ಹೊರಗೆ ಬಂದಳು.

ಕಲ್ಮೇಶ ಹಿಂದೆಯೇ ಓಡಿ ಬಂದ. ಅವನ ಮುಖವೆಲ್ಲ ಹಬ್ಬ! “ನೋಡಿದ್ರಿ? ಹುಡುಗ್ರು ಎಷ್ಟು ಖುಷಿ ಪಟ್ಟಾವು!”

“ಆ ಕೋಳಿ ನಾನು. ಹೌದೋ ಅಲ್ಲೋ?”

“ಹೌದ್ರಿ!” ಎಂದ ಆತ ಹೆಮ್ಮೆಯಿಂದ. “ನಿಮ್ಮನ್ನ ನೋಡಿ ನೋಡೇ ತಗದೇನಿ.”

“ನನ್ನ ಕೇಳಿದ್ರಿ?”

“ಆಂ?”

“ಹಿಂಗ ನಿಮ್ಮನ್ನ ತಗೀತೇನಿ, ಮಂದಿಗಿ ತೋರಸ್ತೇನಿ ಅಂತ ನನಗೊಂದು ಮಾತು ಕೇಳಿದ್ರಿ?”

ಅವನ ಮುಖದ ಹಬ್ಬ ಇಳಿಯಿತು.

“ಇನ್ನ ನಿಮ್ಮ ಕೋಳಿಗಿ ಬ್ಯಾರೆ ದನಿ ಹುಡಕ್ಕೋರಿ!”

ಅವಳು ತಿರುಗಿ ನೋಡದೆ ನಡೆದಳು. ಕಣ್ಣೀರು ಮಾತ್ರ ಊರು ದಾಟುವವರೆಗೂ ನಿಲ್ಲಲಿಲ್ಲ. ‘ಮತ್ತೆ ಮೋಸಹೋದೆಯಲ್ಲೇ, ಶೈಲಾ... ಮತ್ತೆ!’

* * *

ದಸರಾ ಬಂತು. ಚಂಪವ್ವನ ಕೊನೆಯ ಕಂತಿನ ದನಿ ಹಾಗೆಯೇ ಬಾಕಿ ಉಳಿದಿತ್ತು. ಹುಮಾಳ ಫೋನುಗಳಿಗೆ ಅವಳು “ಆಗೂದಿಲ್ಲ” ಎಂದಷ್ಟೇ ಹೇಳಿ ಇಟ್ಟಿದ್ದಳು. ಕಲ್ಮೇಶ ಫೋನ್ ಮಾಡಿರಲಿಲ್ಲ. ಅದಕ್ಕೂ ಸಿಟ್ಟು. ಮಾಡಿದ್ದರೆ ಎತ್ತುತ್ತಿರಲಿಲ್ಲ. ಅದು ಬೇರೆ ಮಾತು!

ವಿಜಯದಶಮಿಯ ದಿನ ಈ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗಬೇಕು. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಕೈಗೆ ಬನ್ನಿ ಕೊಟ್ಟು, ‘ಬಂಗಾರದಂಗ ಇರೋಣ’ ಎನ್ನಬೇಕು. ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮಾತಾಡಬೇಕು.

‘ಬರ್ತಾನೆ. ಇವತ್ತಾದರೂ ಬಂದೇ ಬರ್ತಾನೆ.’

ಅವಳು ಬೆಳಿಗ್ಗೆಯೇ ಹಸಿರು ಸೀರೆ ಉಟ್ಟು ಪಡಸಾಲೆಯಲ್ಲಿ ಕುಳಿತಳು. ನೆರೆಯವರು ಬಂದರು, ಹಳೆಯ ವಿದ್ಯಾರ್ಥಿಗಳು ಬಂದರು, ಬನ್ನಿ ಕೊಟ್ಟು ಹೋದರು. ಬಾಗಿಲು ಕಿರ್ರೆಂದಾಗಲೆಲ್ಲ ಅವಳು ತಲೆಯೆತ್ತುತ್ತಿದ್ದಳು. ಬಿಸಿಲು ಇಳಿಯತೊಡಗಿತು. ಅವನು ಮಾತ್ರ ಬರಲಿಲ್ಲ.

ಬಂದವಳು ಹುಮಾ. ಕೈಯಲ್ಲಿ ಬನ್ನಿ, ಮುಖದಲ್ಲಿ ಬೇಸರ.

“ತಗೋರಿ ಟೀಚರ್, ಬಂಗಾರದಂಗ ಇರೋಣ. ಒಂದು ಕೇಳ್ತೇನಿ, ನೀವಿಬ್ಬರೂ ಏನ್ ಅಂದ್ಕೊಂಡೀರಿ? ಅಲ್ಲಿ ಆ ಮನಿಶಾ ಮುಂಜಾನಿಂದ ಸ್ಟುಡಿಯೋದಾಗ ಬಾಗಲಾ ತಗದು ಕುಂತಾನು. ಊಟಾ ಇಲ್ಲ, ನೀರಿಲ್ಲ!”

“ಯಾಕಂತ?”

“ನೀವು ಬನ್ನಿ ಕೊಡಾಕ ಬರ್ತೀರಂತ! ನೀವು ಸಣ್ಣಾವ್ರಂತ, ತಾ ದೊಡ್ಡಾಂವಂತ. ‘ನಾನೇ ಹೋದ್ರ ಪದ್ಧತಿ ಬಿಟ್ಟಂಗಾಕ್ಕೈತಿ, ಮತ್ತ ಸಿಟ್ಟಾಗ್ತಾಳ’ ಅಂತಾನು.”

ಶೈಲಶ್ರೀ ಎದ್ದು ನಿಂತಳು. “ಅಂವ ದೊಡ್ಡಾಂವಾ? ಅಂವನೇ ಸಣ್ಣಾಂವ! ಅದಕ್ಕೇ ನಾ ಇಲ್ಲಿ ಕಾಯಾಕತ್ತೇನಿ!”

“ನೀವು ಹುಟ್ಟಿದ್ದು ಯಾವಾಗ?”

“ಜೂನ್ ಒಂದು.”

“ಅಂವನೂ ಜೂನ್ ಒಂದು. ಇಸವಿನೂ ನಿಮ್ಮದೇ!” ಹುಮಾ ಹಣೆ ಬಡಿದುಕೊಂಡಳು. “ಸಾಲಿಗಿ ಹಾಕೂವಾಗ ಮಾಸ್ತರ ಎಲ್ಲಾರಿಗೂ ಜೂನ್ ಒಂದೇ ಬರದು ಕುಂತಾರ. ಯಾರು ಸಣ್ಣಾವ್ರು, ಯಾರು ದೊಡ್ಡಾವ್ರು, ಯಾವ ಪುಣ್ಯಾತ್ಮ ಹೇಳಬೇಕು?”

ಒಳಗಿನಿಂದ ಕಸ್ತೂರೆವ್ವ ಬಂದಳು. “ಅದಕ್ಕ್ಯಾಕ ಮಾಸ್ತರ ಬೇಕು? ಇಕಿ ಹುಟ್ಟಿದಾಗ ಹೊಲದಾಗ ಜ್ವಾಳದ ಎಳೀ ತೆನಿ, ಸೀತನಿ, ಸುಡಾಕತ್ತಿದ್ವಿ. ನನಗ ಚಂದ ನೆಪ್ಪೈತಿ.”

“ಕಲ್ಮೇಶನ ಅವ್ವ ಹೇಳ್ತಾಳ, ಅಂವ ಹುಟ್ಟಿದಾಗ ತೊಗರಿ ರಾಶಿ ನಡದಿತ್ತಂತ.”

“ಹಂಗಾದ್ರ ಅಂವ ದೊಡ್ಡಾಂವ. ತೊಗರಿ ರಾಶಿ ಮೊದಲ, ಸೀತನಿ ಆಮ್ಯಾಲ... ತಡಿ, ಆ ವರ್ಷ ಮಳಿ ತಡಾ ಆಗಿತ್ತು. ಹಂಗಂದ್ರ ತೊಗರಿ...”

“ಅತ್ತಿ! ಸಾಕು!” ಶೈಲಶ್ರೀಯ ತಾಳ್ಮೆ ಹರಿದೇಹೋಯಿತು. “ತೊಗರಿ ರಾಶಿ ಯಾವಾಗರೆ ಆಗ್ಲಿ! ತಪ್ಪು ಮಾಡಿದಾಂವ ಬರಬೇಕೋ ಬ್ಯಾಡೋ? ಮುಂಜಾನಿಂದ ಉಣ್ಣದ ಕುಂತಾನಂತ! ಏನ್ ಸಾಯಬೇಕಂತ ಮಾಡ್ಯಾನೇನು? ನಾನೇ ಹೋಗಿ ಕೇಳ್ತೇನಿ!”

ಚಪ್ಪಲಿ ಮೆಟ್ಟಿ ಅವಳು ಹೊರಟೇಬಿಟ್ಟಳು. ಕಸ್ತೂರೆವ್ವ ಹುಮಾಳತ್ತ ನೋಡಿ ಕಣ್ಣು ಮಿಟುಕಿಸಿದಳು. “ಹೋದ್ಲು ನೋಡು. ಬೈಯಾಕ ಅಂದ್ರ ಹೋಗ್ತಾಳ, ರಾಜಿ ಆಗಾಕ ಅಂದಿದ್ರ ಹೋಗ್ತಿದ್ದಿಲ್ಲ.”

* * *

ಹಬ್ಬವಾದ್ದರಿಂದ ಗಿರಣಿ ಮುಚ್ಚಿತ್ತು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಮಾತ್ರ.

ಕಲ್ಮೇಶ ಗಡಬಡಿಸಿ ಎದ್ದು ನಿಂತ. ಮುಖ ಬಾಡಿತ್ತು.

“ಬಂದ್ರಿ...”

“ಬನ್ನಿ ಕೊಡಾಕ ಬಂದಿಲ್ಲ! ಕೇಳಾಕ ಬಂದೇನಿ. ಯಾಕ ಹಂಗ ಮಾಡಿದ್ರಿ?”

ಉತ್ತರಕ್ಕೂ ಕಾಯದೆ ಅವಳೇ ಹೇಳಿಬಿಟ್ಟಳು. ಮುದ್ದೇಬಿಹಾಳದ ಪಡಸಾಲೆ, ಬಂದವರ ಮುಂದೆ ಗಂಡ ಮಾಡುತ್ತಿದ್ದ ನಕಲು, ಒಳಗೆ ನಿಂತು ಕೇಳುತ್ತಿದ್ದ ನಗು... ಅತ್ತೆಗೂ ಪೂರ್ತಿ ಹೇಳದ ಮಾತುಗಳು. “ಮಂದಿ ನಗಲಿ ಅಂತ ನೀವೂ ನನ್ನ ಹಣಿ, ನನ್ನ ಕಣ್ಣು ತಗೊಂಡ್ರಿ. ನಿಮಗೂ ಅಂವಗೂ ಏನ್ ಫರಕು?”

ಕಲ್ಮೇಶ ಮತ್ತೆ ಕುರ್ಚಿಯಲ್ಲಿ ಕುಳಿತ.

“ನನಗ ಗೊತ್ತಿದ್ದಿಲ್ರಿ,” ಎಂದ. “ಆದ್ರ ಗೊತ್ತಿಲ್ಲ ಅನ್ನೂದು ನೆವಾ ಅಲ್ಲ. ಕೇಳಬೇಕಾಗಿತ್ತು. ಕೇಳಲಿಲ್ಲ. ತಪ್ಪು ನಂದೇ. ಎಲ್ಲಾ ಅಳಸ್ತೇನ್ರಿ. ಮೊದಲಿಂದ ಬ್ಯಾರೆ ಕೋಳಿ ತಗೀತೇನಿ.”

ಅವನು ಕಂಪ್ಯೂಟರಿನತ್ತ ತಿರುಗಿದ. ಪರದೆಯ ಮೇಲೆ ಚಂಪವ್ವ ನಿಂತಿದ್ದಳು, ರೆಕ್ಕೆಯಿಂದ ಹಣೆ ಒತ್ತಿಕೊಂಡು. ಅವನ ಬೆರಳು ಕೀಲಿಮಣೆಯ ಮೇಲೆ ತಡೆಯಿತು.

“ಅಳಸೂಕಿಂತ ಮೊದಲ ಒಂದ ಮಾತು ಹೇಳ್ಲೇನ್ರಿ? ಆಮ್ಯಾಲ ನೀವು ಹೇಳಿದಂಗ.”

“...ಹೇಳ್ರಿ.”

“ಈ ಹಣಿ ಒತ್ತಿಕೊಳ್ಳೂದು ತಗದು ತಗದು ಸಾಕಾಗಿತ್ರಿ ನನಗ. ಎಷ್ಟ ತಗದ್ರೂ ಕೋಳಿಗಿ ತಲಿಬ್ಯಾನಿ ಬಂದಂಗ ಕಾಣ್ತಿತ್ತು, ನಿಮ್ಮಂಗ ಕಾಣ್ತಿರಲಿಲ್ಲ. ಏನು ತಪ್ಪಾಗಾಕತ್ತೈತಿ ಅಂತ ನಿಮ್ಮನ್ನ ನೋಡ್ಕೋತ ಕುಂತೆ. ಆಮ್ಯಾಲ ತಿಳೀತು. ನೀವು ಒಂದು ಕೈಲೆ ಹಣಿ ಒತ್ತಿಕೊಂಡಾಗ ನಿಮ್ಮ ಇನ್ನೊಂದು ಕೈ ಎಂದೂ ಖಾಲಿ ಇರೂದಿಲ್ರಿ.”

“ಅಂದ್ರ?”

“ಅದು ಯಾರಿಗರೆ ಏನರೆ ಮಾಡಾಕತ್ತಿರತೈತಿ. ನನಗ ರೊಟ್ಟಿ ಬಿಚ್ಚಿ ಕೊಡೂದೋ, ಹುಮಾನ ಕೂಸಿನ ಮೂಗು ಒರಸೂದೋ... ಬಾಯಿ ಬೈತಿರತೈತಿ, ಆ ಕೈ ತನ್ನ ಪಾಡಿಗಿ ತಾ ನಡಸಿರತೈತಿ. ನಿಮಗ ಗೊತ್ತೂ ಇರೂದಿಲ್ಲ. ನೋಡ್ರಿ.”

ಅವನು ಚಿತ್ರವನ್ನು ಓಡಿಸಿದ. ದನಿಯಿಲ್ಲದೆ.

ಚಂಪವ್ವ ಕಣ್ಣು ತಿರುವಿದಳು. ಒಂದು ರೆಕ್ಕೆಯಿಂದ ಹಣೆ ಒತ್ತಿಕೊಂಡಳು. ಮತ್ತು ಕೆಳಗೆ, ಶೈಲಶ್ರೀ ಶಾಲೆಯಲ್ಲಿ ನೋಡಿಯೇ ಇರದ ಆ ಇನ್ನೊಂದು ರೆಕ್ಕೆ, ನಡುಗುತ್ತಿದ್ದ ಕರುವಿನ ಬೆನ್ನಿನ ಮೇಲೆ ಮೆಲ್ಲಗೆ ಹರಡಿಕೊಳ್ಳುತ್ತಿತ್ತು. ಕರು ಕಣ್ಣು ಮುಚ್ಚಿ ಅದರಡಿಗೆ ಸರಿಯಿತು.

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು.

‘ಇದು ನಾನಾ? ನಾನು ಹೀಗೆ ಇದ್ದೇನಾ?’

ಅವಳನ್ನು ಕಂಡವರೆಲ್ಲ ಅವಳ ಬಾಯಿಯನ್ನು ಕಂಡಿದ್ದರು. ಅವಳೂ ತನ್ನ ಬಾಯಿಯನ್ನಷ್ಟೇ ಕಂಡುಕೊಂಡು, ತನ್ನನ್ನೇ ಹೆದರಿಸಿಕೊಂಡು ಬದುಕಿದ್ದಳು. ಆ ಕೈಯನ್ನು ನೋಡಿದವನು ಇವನೊಬ್ಬನೇ.

“ಹುಡುಗ್ರು ನಕ್ಕಿದ್ದು ನಿಮ್ಮ ಸಿಟ್ಟಿಗಲ್ರಿ,” ಎಂದ ಕಲ್ಮೇಶ ತಗ್ಗಿದ ದನಿಯಲ್ಲಿ. “ನೀವು ಹೊರಗ ಹೋದ ಮ್ಯಾಲ ಆ ಎದ್ದು ನಿಂತ ಹುಡುಗಿ ನನಗಂದ್ಲು, ‘ಅಣ್ಣಾ, ನನಗ ಜ್ವರಾ ಬಂದಾಗ ಟೀಚರ್ ಹಿಂಗ ಮಾಡಿದ್ರು’ ಅಂತ. ...ಅಳಸ್ಲೇನ್ರಿ?”

“ಅಳಸಿ ನೋಡ್ರಿ! ಕೈ ಮುರೀತೇನಿ!”

ಹೇಳುತ್ತಲೇ ಅವಳು ಅತ್ತುಬಿಟ್ಟಳು. ಇದುವರೆಗೆ ತಡೆದದ್ದೆಲ್ಲ ಹರಿಯಿತು. ಅವನು ಹತ್ತಿರ ಬರಲಿಲ್ಲ. ನೀರಿನ ಲೋಟವನ್ನು ಅವಳ ಕೈಗೆಟುಕುವಷ್ಟು ದೂರದಲ್ಲಿಟ್ಟು ನಿಂತ.

“ಮತ್ತ... ಫೋನ್ ಯಾಕ ಮಾಡಲಿಲ್ಲ?” ಬಿಕ್ಕುತ್ತ ಕೇಳಿದಳು.

“ಬ್ಯಾರೆ ದನಿ ಹುಡಕ್ಕೋ ಅಂದ್ರಿ. ಹುಡುಕಲಿಲ್ಲ. ಹುಡುಕಿಲ್ಲ ಅಂತ ಹೇಳಾಕ ಫೋನ್ ಮಾಡಿದ್ರ, ಕೋಳಿ ಸಲುವಾಗಿ ಮಾಡೇನಿ ಅಂದ್ಕೋತಿದ್ರಿ. ನಂದು ಕೋಳಿ ಸಲುವಾಗಿ ಅಲ್ರಿ. ಕೋಳಿದು ಮುಗದು ಹೋದ್ರೂ ನೀವು ಈ ಮೆಟ್ಟಲಾ ಹತ್ತಿ ಬರಬೇಕು ಅನ್ನೂದು ನಂದು.”

ಹೊರಗೆ ಯಾರದೋ ಮನೆಯಲ್ಲಿ ಬನ್ನಿ ಕೊಡುವವರ ಗದ್ದಲ. ಕಿಟಕಿಯಲ್ಲಿ ಸಂಜೆಯ ಕೆಂಪು.

ಅವಳು ಮೇಜಿನ ಮೇಲಿದ್ದ ಬನ್ನಿಯ ಎಲೆಗಳನ್ನು ನೋಡಿದಳು. ಬೆಳಿಗ್ಗೆಯಿಂದ ಕಾದು ಅವೂ ಸ್ವಲ್ಪ ಮುದುಡಿದ್ದವು. ಅದರಲ್ಲಿ ಅರ್ಧ ತೆಗೆದು ಅವನ ಅಂಗೈಗಿಟ್ಟಳು. ಅವನು ಉಳಿದರ್ಧವನ್ನು ಅವಳ ಅಂಗೈಗಿಟ್ಟು, ಕಾಲಿಗೆರಗಲು ಬಾಗಿದ.

“ಏ ಏ! ಏನ್ ಮಾಡ್ತೀರಿ? ಕಾಲಿಗಿ ಬಿದ್ದು ನನ್ನ ಮುದುಕಿ ಮಾಡ್ಬ್ಯಾಡ್ರಿ!”

“ಹಂಗಾದ್ರ ಬರೇ ಮಾತಿನ್ಯಾಗ ಹೇಳ್ತೇನಿ. ಬಂಗಾರದಂಗ ಇರೋಣ್ರಿ.”

“ಬಂಗಾರದಂಗ ಇರಾಕ ನನಗಂತೂ ಆಗೂದಿಲ್ಲ. ನಾ ದಿನಾ ಬೈತೇನಿ. ಮುಂಜಾನಿ ಬೈತೇನಿ, ಸಂಜಿಗಿ ಬೈತೇನಿ.”

“ಬೈರಿ.”

“ಮುಪ್ಪಾದ ಮ್ಯಾಲೂ ಬೈತೇನಿ.”

“ಬೈರಿ.”

“ಹಂಗಂದ್ರ... ಸಾಯೂತನಕ ನನ್ನ ಕೈಲೆ ಬೈಸ್ಕೋತೇನಿ ಅಂದಂಗಾತು!”

“ಹೌದ್ರಿ,” ಎಂದ ಕಲ್ಮೇಶ, ಅವಳ ಕಣ್ಣನ್ನೇ ನೋಡುತ್ತ. “ನಾ ಕೇಳಾಕತ್ತಿದ್ದೂ ಅದನ್ನ. ಈ ಸಲ ಕೇಳೇ ಮಾಡೂಣು ಅಂತ.”

ಶೈಲಶ್ರೀಯ ಮುಖ ಕಿವಿಯವರೆಗೂ ಕೆಂಪಾಯಿತು. ಬೈಯಲು ಒಂದು ಮಾತಿಗಾಗಿ ತಡಕಾಡಿದಳು. ಹುಟ್ಟಿದಾಗಿನಿಂದ ಇದೇ ಮೊದಲ ಸಲ ಒಂದೂ ಸಿಗಲಿಲ್ಲ.

“ಇಷ್ಟು ಕೇಳಾಕ ಇಡೀ ದಿನಾ ಉಪಾಸ ಕುಂದ್ರಬೇಕೇನು?” ಎಂದಳು ಕೊನೆಗೆ, ಬನ್ನಿಯ ಎಲೆಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತ. “ಹೂಂ. ನಡೀರಿ ಮನಿಗಿ. ಅತ್ತಿ ಹೋಳಗಿ ಮಾಡ್ಯಾಳ, ಆರಿ ಹೋಗ್ತಾವು.”

“‘ಹೂಂ’ ಅಂದಿದ್ದು ಹೋಳಗಿಗೋ, ನನಗೋ?”

“ಎರಡಕ್ಕೂ! ಇನ್ನೊಮ್ಮೆ ಕೇಳಿದ್ರ ಬರೇ ಹೋಳಗಿಗಷ್ಟೇ!”